ಕುದುರೆಗೆ ಕಾಲಂ ಇಲ್ಲ

ತಿತಿಮತಿಯ ಆಚೆ, ನಿಸರ್ಗಧಾಮದ ಎರಡನೇ ಗೇಟಿನಲ್ಲಿ
ಬಿದಿರು ಎತ್ತಿ ಇಳಿಸುವ ಕೆಲಸ ನನ್ನದು.
ರಿಜಿಸ್ಟರಿನಲ್ಲಿ ಐದು ಕಾಲಂ:
ಹೆಸರು, ಊರು, ವಾಹನದ ನಂಬರು,
ಒಳಹೋದ ಹೊತ್ತು, ಹೊರಬಂದ ಹೊತ್ತು.
ಕುದುರೆಗೆ ಕಾಲಂ ಇಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ಚೋಂದಮ್ಮ ಬರುತ್ತಾರೆ,
ಗಂಡನ ಮಿಲಿಟರಿ ಬೂಟಿನೊಳಗೆ
ಎರಡೆರಡು ಜೊತೆ ಕಾಲುಚೀಲ ತುರುಕಿಕೊಂಡು,
ಮೈಸೂರಿನ ರೇಸಿನಲ್ಲಿ ಒಂದೂ ಗೆಲ್ಲದೆ
ನಿವೃತ್ತನಾದ ಕೆಂಚನ ಮೇಲೆ.
ರೇಸಿನ ಪುಸ್ತಕದಲ್ಲಿ ಅವನಿಗೆ ಉದ್ದದ ಇಂಗ್ಲಿಷ್ ಹೆಸರಿತ್ತಂತೆ,
ಕರೆದರೆ ಕಿವಿ ಕೂಡ ಆಡಿಸುತ್ತಿರಲಿಲ್ಲವಂತೆ.
ವಾಹನದ ನಂಬರಿನ ಜಾಗದಲ್ಲಿ ನಾನು ಬರೆಯುತ್ತೇನೆ:
ಕೆಂಚ. ಹಣೆಯಲ್ಲಿ ಬಿಳಿ.

ಪ್ರತಿ ಸಲ ಬೋರ್ಡು ಓದುತ್ತಾರೆ, ಗಟ್ಟಿಯಾಗಿ,
ಬರೆದವನು ನಾನೇ ಎಂಬಂತೆ ನನ್ನನ್ನು ನೋಡುತ್ತ:
ಹಳದಿ ಕಲ್ಲಿನ ದಾರಿ ಬಿಡಬಾರದು.
ನಡಿಗೆ ಮಾತ್ರ, ಓಟವಿಲ್ಲ.
ಕಾಲ್ನಡಿಗೆಯವರು ಎದುರಾದರೆ ಕುದುರೆ ನಿಲ್ಲತಕ್ಕದ್ದು.
ಮೇಯಿಸಬಾರದು. ಹೊಳೆಗೆ ಇಳಿಸಬಾರದು.
ಲದ್ದಿಯನ್ನು ಸವಾರರೇ ತುಂಬಿ ಒಯ್ಯತಕ್ಕದ್ದು.
ಏಳನೇ ಕಲ್ಲಿನಲ್ಲಿ ತಿರುಗತಕ್ಕದ್ದು.

‘ಹೊಳೆಗೆ ಇಳಿಯಬಾರದು ಅಂತ ಆನೆಗೆ ಹೇಳಿದ್ದೀಯಾ, ಬೋಜಾ?’
‘ಎರಡು ಸಲ ಬೋರ್ಡು ಕಿತ್ತಿದೆ ಅಮ್ಮಾ,
ಓದಿಯೇ ಕಿತ್ತಿರಬೇಕು.’

ಸವಾರರೇ ಒಯ್ಯಬೇಕು, ಸರಿ.
ಆದರೆ ಇಳಿದರೆ ಮತ್ತೆ ಹತ್ತಲು ಅವರ ಮಂಡಿ ಒಪ್ಪುವುದಿಲ್ಲ.
ಬುಟ್ಟಿ ಹಿಡಿದು ಆಮೇಲೆ ನಾನೇ ಹೋಗುತ್ತೇನೆ.
ಇದುವರೆಗೆ ಯಾರೂ ತಕರಾರು ಮಾಡಿಲ್ಲ,
ನನ್ನ ಮೆಣಸಿನ ಗಿಡಗಳಂತೂ ಮಾಡಿಲ್ಲ.

ಒಂದು ಶನಿವಾರ ಅರ್ಧ ಗಂಟೆಗೇ ವಾಪಸು.
ಐದನೇ ಕಲ್ಲಿನಲ್ಲಿ ನಿಂತುಬಿಟ್ಟನಂತೆ.
ಬೆಲ್ಲ ತೋರಿಸಿದರು, ಕೊಡವ ತಕ್ಕಿನಲ್ಲಿ ಬೈದರು,
ಹಿಮ್ಮಡಿಯಲ್ಲಿ ತಿವಿದರು.
ಬೆನ್ನಿನ ಚರ್ಮ ಮಾತ್ರ ನಡುಗುತ್ತಿತ್ತಂತೆ, ನೊಣವಿಲ್ಲದೆ.
‘ಅಲ್ಲೇನೂ ಇರಲಿಲ್ಲ ಮಾರಾಯ, ಬರೀ ಬಿದಿರು.’
ಸಂಜೆ ಹೋಗಿ ನೋಡಿದೆ.
ಆರನೇ ಕಲ್ಲಿನ ಬಳಿ ಸೀಳಿ ಬಿದ್ದ ಬೈನೆ ಮರ,
ಮರಿಯ ಹೆಜ್ಜೆ, ತಾಯಿಯ ಹೆಜ್ಜೆ.
ರಿಜಿಸ್ಟರಿನಲ್ಲಿ ಬರೆದೆ:
ಬೇಗ ಹಿಂತಿರುಗಿದ ಕಾರಣ — ಕೆಂಚನ ಅಭಿಪ್ರಾಯ.

ರೇಂಜರ್ ಸಾಹೇಬರು ಅದಕ್ಕೆ ಕೆಂಪು ಸುತ್ತು ಹಾಕಿದರು.
ಆದರೆ ಮರುವಾರ ಪೇಂಟರ್ ಬಂದ.
ಏಳು ಅಳಿಸಿ ಐದು ಮಾಡಿದ,
ಕೊನೆಗೊಂದು ಸಾಲು ಸೇರಿಸಿದ:
ಕುದುರೆಯ ಜೊತೆ ವಾಚರ್ ನಡೆಯತಕ್ಕದ್ದು.

ಹಾಗೆ ನಡೆಯುವಾಗಲೇ ಕಂಡದ್ದು, ನಾಲ್ಕನೇ ಕಲ್ಲಿನ ಪಕ್ಕ,
ಹಳೇ ಲದ್ದಿಯ ಪುಡಿಯಲ್ಲಿ, ಕೆಂಚನ ಹಲ್ಲಿಗೆ ಸಿಗದೆ ಉಳಿದ
ಹುರುಳಿ, ಮೊಳೆತು ಬಳ್ಳಿ ಬಿಟ್ಟದ್ದು.
ಹೊರಗಿನ ಬೀಜ ಕಂಡರೆ ಕೀಳಬೇಕು.
ಇದು ಬೋರ್ಡಿನಲ್ಲಿಲ್ಲ, ಟ್ರೈನಿಂಗಿನಲ್ಲಿ ಹೇಳಿದ್ದು.

ಬಗ್ಗಿದೆ.
ಕಲ್ಲು ನೆಟ್ಟಿರುವುದು ನಮ್ಮ ಅಜ್ಜಿಯ ಒಲೆಯ ಜಾಗದಲ್ಲಿ.
ಈ ಇಳಿಜಾರಿನಲ್ಲಿ ವರ್ಷಕ್ಕೊಂದು ಸಲ
ಹುರುಳಿ ಚೆಲ್ಲುತ್ತಿದ್ದಳು.
ಹಾಡಿಯವರನ್ನು ಲಾರಿಗೆ ಹತ್ತಿಸಿದ ದಿನ ಬರೆದುಕೊಂಡರಂತೆ:
ತಲೆ ಹದಿನೇಳು, ಕೋಳಿ ಒಂಬತ್ತು.
ನಾಯಿಗೆ ಕಾಲಂ ಇರಲಿಲ್ಲ.
ಅದು ನಡೆದೇ ಬಂತು, ಮೂರು ದಿನದ ಮೇಲೆ.

ಹೊರಗಿನದು ಅಂದರೆ ಎಲ್ಲಿಂದ ಹೊರಗೆ?
ಕೇಳಲು ಅಲ್ಲಿ ಇದ್ದವರು ಚೋಂದಮ್ಮ ಒಬ್ಬರು.
ಅವರು ಲಗಾಮನ್ನೇ ನೋಡುತ್ತಿದ್ದರು.
ಕೆಂಚ ಕತ್ತು ಚಾಚಿದ.
ಮೇಯಿಸಬಾರದು ಎಂಬ ಸಾಲು ನಮ್ಮಿಬ್ಬರಿಗೂ ಬಾಯಿಪಾಠ.
ಅವರು ನನ್ನನ್ನು ನೋಡಿದರು.
ನಾನು ಬಿದಿರಿನ ಕಡೆ ನೋಡಿದೆ.
ಲಗಾಮು ಸಡಿಲವಾದ ಸದ್ದು ನನಗೆ ಗೊತ್ತು.

ತುದಿಯಷ್ಟೇ ತಿಂದ. ಬುಡ ಉಳಿಯಿತು.

ಹೊರಬಂದ ಹೊತ್ತು: ಎಂಟೂಕಾಲು.